ಕೆಲಸದ ಜಾಗದಲ್ಲಿ ಸಾವಾದರೆ ಪೊಲೀಸರ ಕೆಲಸ ಯುಡಿಆರ್‌ಗೆ ಮುಗಿಯುತ್ತದೆಯೇ?

ಪೀಣ್ಯ_ಎರಡನೇ_ಹಂತ

ಕಾರ್ಖಾನೆಯಲ್ಲೋ ಕಟ್ಟಡದ ಸೈಟಿನಲ್ಲೋ ಕಾರ್ಮಿಕರೊಬ್ಬರು ಸತ್ತರೆ ಮರುದಿನದ ಪತ್ರಿಕೆಯಲ್ಲಿ ಕೊನೆಯ ಸಾಲು "ಠಾಣೆಯಲ್ಲಿ ಪ್ರಕರಣ ದಾಖಲಾಗಿದೆ" ಅಂತ ಇರುತ್ತದೆ. ಯಾವ ಪ್ರಕರಣ ಅನ್ನುವುದು ಇರುವುದಿಲ್ಲ. ಅಸ್ವಾಭಾವಿಕ ಮರಣ ವರದಿಯೋ (ಯುಡಿಆರ್) ಎಫ್‌ಐಆರೋ ಎಂಬುದರ ಮೇಲೆ ಮುಂದಿನದ್ದೆಲ್ಲ ನಿಂತಿದೆ: ಸಾಕ್ಷ್ಯ ಉಳಿಯುವುದು, ಪರಿಹಾರ ಸಿಗುವುದು, ಯಾರಾದರೂ ನ್ಯಾಯಾಲಯದಲ್ಲಿ ಉತ್ತರ ಕೊಡಬೇಕಾಗಿ ಬರುವುದು.

ಕಾರ್ಮಿಕ ಸಂಘದವರಿಗೆ, ಸತ್ತವರ ಮನೆಯವರಿಗೆ ಒಂದೇ ಕಡೆ ಸಿಗುವಂತೆ ಇಲ್ಲಿ ಬರೆಯೋಣ. ಪೊಲೀಸರು ಮೊದಲ ದಿನ ಏನೇನು ಮಾಡಲೇಬೇಕು? ಕಾರ್ಖಾನೆ ಇನ್ಸ್‌ಪೆಕ್ಟರ್ ಬರುತ್ತಾರಲ್ಲ, ಆಗ ಪೊಲೀಸರ ಪಾತ್ರವೇನು? ಎಲ್ಲಿ ತಪ್ಪುತ್ತದೆ? ದಯವಿಟ್ಟು ಕಲಂ, ದಿನಗಳ ಲೆಕ್ಕದ ಸಮೇತ ಬರೆಯಿರಿ. "ಕಾನೂನು ಪ್ರಕಾರ ಕ್ರಮ" ಅನ್ನುವ ಮಾತಿನಿಂದ ಯಾರಿಗೂ ಪ್ರಯೋಜನವಿಲ್ಲ.

ಮಹಜರು_ಪುಸ್ತಕ

ಮೊದಲು ಯುಡಿಆರ್ ಏನು ಅಂತ ಸ್ಪಷ್ಟ ಮಾಡಿಕೊಳ್ಳೋಣ. ಹಿಂದೆ ಸಿಆರ್‌ಪಿಸಿ (ಹಳೆಯ ದಂಡ ಪ್ರಕ್ರಿಯಾ ಸಂಹಿತೆ) 174 ಇತ್ತು, 2024ರ ಜುಲೈ 1ರಿಂದ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 194. ಯಂತ್ರದಿಂದ, ಅಪಘಾತದಿಂದ, ಅನುಮಾನಾಸ್ಪದವಾಗಿ ಸಾವಾಗಿದೆ ಎಂದು ಮಾಹಿತಿ ಬಂದ ತಕ್ಷಣ ಠಾಣಾಧಿಕಾರಿ ಹತ್ತಿರದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು, ಶವ ಇರುವಲ್ಲಿಗೆ ಹೋಗಬೇಕು, ಆ ಸುತ್ತಿನ ಇಬ್ಬರು ಅಥವಾ ಹೆಚ್ಚು ಗೌರವಸ್ಥರ ಮುಂದೆ ಶವ ಪಂಚನಾಮೆ ಬರೆಯಬೇಕು. ಗಾಯ ಎಲ್ಲೆಲ್ಲಿದೆ, ಯಾವ ಆಯುಧದಿಂದ ಅಥವಾ ಯಂತ್ರದಿಂದ ಆದಂತೆ ಕಾಣುತ್ತದೆ ಅನ್ನುವುದು ಅದರಲ್ಲಿ ಇರಬೇಕು. ವರದಿ 24 ಗಂಟೆಯೊಳಗೆ ಜಿಲ್ಲಾ ಮ್ಯಾಜಿಸ್ಟ್ರೇಟ್ ಅಥವಾ ಉಪವಿಭಾಗಾಧಿಕಾರಿಗೆ ಹೋಗಬೇಕು. ಈ 24 ಗಂಟೆ ಹೊಸ ಸಂಹಿತೆಯಲ್ಲಿ ಸೇರಿದ್ದು.

ಯುಡಿಆರ್‌ನ ಉದ್ದೇಶ ಬಹಳ ಚಿಕ್ಕದು: ಸಾವು ಹೇಗಾಯಿತು ಅಂತ ಮೇಲ್ನೋಟಕ್ಕೆ ಗುರುತಿಸುವುದು. ಯಾರ ತಪ್ಪು ಅನ್ನುವುದು ಅದರ ವ್ಯಾಪ್ತಿಗೆ ಬರುವುದೇ ಇಲ್ಲ. ಸುಪ್ರೀಂ ಕೋರ್ಟ್ 1975ರಲ್ಲೇ ಪೆದ್ದ ನಾರಾಯಣ ಪ್ರಕರಣದಲ್ಲಿ ಇದನ್ನು ಹೇಳಿದೆ. ಆದ್ದರಿಂದ "ಯುಡಿಆರ್‌ನಲ್ಲಿ ಯಾರ ಹೆಸರೂ ಬಂದಿಲ್ಲ, ಹಾಗಾಗಿ ಯಾರ ತಪ್ಪೂ ಇಲ್ಲ" ಎನ್ನುವ ವಾದಕ್ಕೆ ಬೆಲೆ ಇಲ್ಲ. ನಿರ್ಲಕ್ಷ್ಯ ಕಂಡರೆ ಅಲ್ಲಿಗೆ ಯುಡಿಆರ್ ದಾಟಿ ಎಫ್‌ಐಆರ್ ಆಗಬೇಕು.

ಎಲ್ಲಿ ತಪ್ಪುತ್ತದೆ ಅಂದರೆ, ಪಂಚರನ್ನು ಆರಿಸುವಲ್ಲಿ. ಶವಾಗಾರದ ಹೊರಗೆ ನಿಂತಿರುವ ಕಂಪನಿಯ ಎಚ್‌ಆರ್ ಮತ್ತು ಸೆಕ್ಯುರಿಟಿ ಸೂಪರ್‌ವೈಸರ್ ಅವರನ್ನೇ ಪಂಚರಾಗಿ ಕರೆಯುತ್ತಾರೆ. ಸಹಿ ಹಾಕಿದ ಇಬ್ಬರೂ ಕಂಪನಿಯ ಸಂಬಳದವರಾದರೆ ಆ ಪಂಚನಾಮೆ ಮುಂದೆ ಮನೆಯವರ ನೆರವಿಗೆ ಬರುವುದು ಕಷ್ಟ.

ಕರಿಕೋಟು

ಮೇಲಿನ ಮಾತಿಗೆ ಸೇರಿಸುತ್ತೇನೆ. ಇಡೀ ವಿಷಯದಲ್ಲಿ ಅತಿ ದೊಡ್ಡ ಹಾನಿ ಮಾಡುವುದು ಒಂದು ಹಾಳೆ.

ಶವಾಗಾರದ ಮುಂದೆ ಅಣ್ಣನಿಗೋ ಹೆಂಡತಿಗೋ ಕೊಡುವ ಟೈಪ್ ಮಾಡಿದ ಹೇಳಿಕೆ ಅದು. ಅದರ ಕೊನೆಯ ಪ್ಯಾರಾ ಹೆಚ್ಚುಕಡಿಮೆ ಹೀಗಿರುತ್ತದೆ: "ಮೃತನು ಕೆಲಸ ಮಾಡುತ್ತಿರುವಾಗ ಆಕಸ್ಮಿಕವಾಗಿ ಕಾಲು ಜಾರಿ ಬಿದ್ದು ಮೃತಪಟ್ಟಿದ್ದು, ಆತನ ಮರಣದಲ್ಲಿ ಬೇರೆ ಯಾವುದೇ ಅನುಮಾನ ಇರುವುದಿಲ್ಲ. ಮುಂದಿನ ಕ್ರಮಕ್ಕಾಗಿ ಕೋರಿ." ಅಲ್ಲಿಲ್ಲದ ವ್ಯಕ್ತಿ, ನೋಡದ ಘಟನೆಗೆ, ತನ್ನದಲ್ಲದ ಮಾತಿಗೆ ಸಹಿ ಹಾಕುತ್ತಾನೆ. ಶವ ಬೇಗ ಸಿಗಲಿ ಅನ್ನುವ ಒಂದೇ ಕಾರಣಕ್ಕೆ. ಆಮೇಲೆ ಎಫ್‌ಐಆರ್ ಕೇಳಲು ಹೋದರೆ ಅದೇ ಹಾಳೆಯನ್ನು ಮುಂದೆ ಹಿಡಿಯುತ್ತಾರೆ.

ಮನೆಯವರಿಗೆ ಹೇಳಬೇಕಾದ್ದು: ಶವ ಪಡೆಯಲು ಈ ವಾಕ್ಯ ಬೇಕಿಲ್ಲ. ಗೊತ್ತಿದ್ದಷ್ಟು ಮಾತ್ರ ಬರೆಸಿ. "ಇಂತಿಷ್ಟು ಗಂಟೆಗೆ ಫೋನ್ ಬಂತು, ಇಂಥವರು ಮಾಡಿದರು, ಘಟನೆ ಹೇಗಾಯಿತು ನನಗೆ ಗೊತ್ತಿಲ್ಲ, ಸುರಕ್ಷತಾ ಕ್ರಮ ಇಲ್ಲದೆ ಸಾವಾಗಿರಬಹುದು ಎಂಬ ಅನುಮಾನ ಇದೆ, ತನಿಖೆ ಮಾಡಿ." ಇಷ್ಟು ಸಾಕು. ಎರಡು ಪ್ರತಿ ಮಾಡಿ ಒಂದರ ಮೇಲೆ ಠಾಣೆಯ ಸೀಲು, ದಿನಾಂಕ, ಸಮಯ ಹಾಕಿಸಿಕೊಳ್ಳಿ.

ಕಲಂ ವಿಷಯ: ನಿರ್ಲಕ್ಷ್ಯದಿಂದ ಸಾವು, ಹಿಂದೆ ಐಪಿಸಿ 304ಎ, ಗರಿಷ್ಠ 2 ವರ್ಷ. ಈಗ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 106(1), ಗರಿಷ್ಠ 5 ವರ್ಷ ಮತ್ತು ದಂಡ. ಸಂಜ್ಞೇಯ (ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದದ್ದು), ಆದರೆ ಜಾಮೀನು ಕೊಡಬಹುದಾದದ್ದು. 5 ವರ್ಷಕ್ಕೆ ಏರಿದ್ದರಿಂದ ಮೂರು ಪರಿಣಾಮ ಇವೆ, ಠಾಣೆಗಳಲ್ಲೂ ಕೆಲವರಿಗೆ ಇದು ಇನ್ನೂ ಬಾಯಿಪಾಠ ಆಗಿಲ್ಲ. ಒಂದು, 3 ವರ್ಷದವರೆಗಿನ ಅಪರಾಧಗಳಿಗೆ ಇರುವ ಕಾಲಮಿತಿ ಇದಕ್ಕೆ ತಾಗುವುದಿಲ್ಲ. ಎರಡು, 3ರಿಂದ 7 ವರ್ಷದೊಳಗಿನ ಶಿಕ್ಷೆ ಆದ್ದರಿಂದ ಬಿಎನ್‌ಎಸ್‌ಎಸ್ 173(3) ಪ್ರಕಾರ ಡಿವೈಎಸ್‌ಪಿ ಅನುಮತಿ ಪಡೆದು 14 ದಿನ ಪ್ರಾಥಮಿಕ ವಿಚಾರಣೆ ಮಾಡಬಹುದು. ಹದಿನಾಲ್ಕು ದಿನ ಅಷ್ಟೇ, ಆರು ತಿಂಗಳಲ್ಲ. ಅನುಮತಿ ಪತ್ರ ಇದೆಯೇ ಅಂತ ಕೇಳಿ. ಮೂರು, 176(3)ರ ಕಡ್ಡಾಯ ಫೊರೆನ್ಸಿಕ್ ಭೇಟಿ 7 ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಕ್ಕೆ ಮಾತ್ರ. 106(1) ಅದರೊಳಗೆ ಬರುವುದಿಲ್ಲ. ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ತಂಡ ತಾನಾಗಿ ಬರುತ್ತದೆ ಅಂದುಕೊಳ್ಳಬೇಡಿ, ಲಿಖಿತವಾಗಿ ಕೇಳಬೇಕು.

ಎಫ್‌ಐಆರ್ ನಿರಾಕರಿಸಿದರೆ ಹಿಂಬರಹ (ಠಾಣೆಯ ಲಿಖಿತ ಉತ್ತರ) ಕೇಳಿ, 173(4)ರ ಪ್ರಕಾರ ಎಸ್‌ಪಿ ಅಥವಾ ಡಿಸಿಪಿಗೆ ಅಂಚೆಯಲ್ಲಿ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್.

ಲಾಕ್‌ಔಟ್_ಟ್ಯಾಗ್

ಕಾಗದದ ಮಾತು ಸರಿ. ಆದರೆ ಸಾಕ್ಷ್ಯ ಇರುವುದು ಯಂತ್ರದ ಹತ್ತಿರ, ಅದು ಮುಂದಿನ ಪಾಳಿಗೇ ಮಾಯವಾಗುತ್ತದೆ.

ಪ್ರೆಸ್, ಇಂಜೆಕ್ಷನ್ ಮೋಲ್ಡಿಂಗ್, ಮಿಕ್ಸರ್, ಕನ್ವೇಯರ್ ಇವುಗಳಲ್ಲಿ ಸತ್ತಾಗ ಮೊದಲು ನೋಡಬೇಕಾದ್ದು ಗಾರ್ಡ್ ಮತ್ತು ಇಂಟರ್‌ಲಾಕ್. ಗಾರ್ಡ್ ಬಾಗಿಲು ತೆರೆದರೆ ಯಂತ್ರ ನಿಲ್ಲಬೇಕು, ಅದಕ್ಕೊಂದು ಲಿಮಿಟ್ ಸ್ವಿಚ್ ಇರುತ್ತದೆ. ಉತ್ಪಾದನೆ ನಿಲ್ಲಬಾರದು ಅಂತ ಅದನ್ನು ಒತ್ತಿಹಿಡಿದು ಕೇಬಲ್ ಟೈ ಬಿಗಿದಿರುತ್ತಾರೆ. ಹೆಬ್ಬೆರಳು ಗಾತ್ರದ ಸ್ವಿಚ್, ಅದರ ರೋಲರ್ ಮೇಲೆ ಕಪ್ಪು ಪ್ಲಾಸ್ಟಿಕ್ ಟೈ, ಟೈ ಮೇಲೆ ತಿಂಗಳುಗಟ್ಟಲೆ ಕೂತ ಎಣ್ಣೆ ಮಿಶ್ರಿತ ಧೂಳು. ಆ ಧೂಳೇ ಸಾಕ್ಷಿ. ಬೈಪಾಸ್ ನಿನ್ನೆ ಮೊನ್ನೆಯದಲ್ಲ, ಮ್ಯಾನೇಜರ್ ದಿನಾ ಅದರ ಮುಂದೆ ಓಡಾಡಿದ್ದಾರೆ ಅಂತ ಅದು ಹೇಳುತ್ತದೆ. ಸಿಬ್ಬಂದಿ ರಕ್ತ ತೊಳೆಯುವ ನೆಪದಲ್ಲಿ ಇದನ್ನೂ ಕತ್ತರಿಸಿ ಬಿಸಾಡುತ್ತಾರೆ. ಮಹಜರಿನಲ್ಲಿ "ಸದರಿ ಯಂತ್ರವನ್ನು ಪರಿಶೀಲಿಸಲಾಯಿತು" ಅಂತ ಬರೆದರೆ ಏನೂ ಬರೆಯದ ಹಾಗೆ. ಯಂತ್ರದ ಸೀರಿಯಲ್ ನಂಬರ್, ಸೆಲೆಕ್ಟರ್ ಸ್ವಿಚ್ ಆಟೋದಲ್ಲಿತ್ತೋ ಮ್ಯಾನ್ಯುಯಲ್‌ನಲ್ಲಿತ್ತೋ, ಎಮರ್ಜೆನ್ಸಿ ಬಟನ್ ಒತ್ತಿತ್ತೋ ಇಲ್ಲವೋ, ಮೇನ್ ಸ್ವಿಚ್‌ಗೆ ಬೀಗ ಇತ್ತೋ ಇಲ್ಲವೋ, ಪ್ಯಾನೆಲ್ ಒಳಗೆ ಹೆಚ್ಚುವರಿ ಜಂಪರ್ ವೈರ್ ಇದೆಯೋ, ಇವು ಒಂದೊಂದೂ ಬೇರೆ ಸಾಲಾಗಿ ಬರಬೇಕು. ಸ್ಕೇಲ್ ಇಟ್ಟು ಫೋಟೊ ತೆಗೆಯಬೇಕು.

ಎತ್ತರದಿಂದ ಬಿದ್ದ ಸಾವಿಗೆ ಬೇರೆ ಲೆಕ್ಕ. "ಬೆಲ್ಟ್ ಕೊಟ್ಟಿದ್ದೆವು, ಅವನೇ ಹಾಕಿರಲಿಲ್ಲ" ಅನ್ನುವುದು ಸಿದ್ಧ ಉತ್ತರ. ತನಿಖಾಧಿಕಾರಿ ಕೇಳಬೇಕಾದ ಪ್ರಶ್ನೆ: ಬೆಲ್ಟಿನ ಹುಕ್ಕನ್ನು ಸಿಕ್ಕಿಸಲು ಲೈಫ್‌ಲೈನ್ ಎಲ್ಲಿತ್ತು? ಆ ಮಹಡಿಯಲ್ಲಿ ತಂತಿಯೇ ಕಟ್ಟಿರದಿದ್ದರೆ ಬೆಲ್ಟ್ ಹಾಕಿದ್ದರೂ ಅಷ್ಟೇ. ತೋರಿಸುವ ಬೆಲ್ಟಿನ ಹುಕ್ಕನ್ನೂ ನೋಡಿ. ಬಳಸಿದ ಹುಕ್ಕಿನ ಒಳಮೈ ಪೈಪಿಗೆ ಉಜ್ಜಿ ಲೇಪ ಸವೆದಿರುತ್ತದೆ. ಒಳಮೈ ಹೊಸದಾಗಿ ಹೊಳೆಯುತ್ತಿದ್ದರೆ ಆ ಬೆಲ್ಟ್ ಬಳಸದೇ ಇದ್ದದ್ದು ಅಥವಾ ಸಾವಿನ ನಂತರ ತಂದದ್ದು ಇರಬಹುದು.

ಸಿಸಿಟಿವಿಗೆ ಕಾಯಬಾರದು. ದೃಶ್ಯ ಉಳಿಸುವ ಪೆಟ್ಟಿಗೆ, ಅಂದರೆ ಡಿವಿಆರ್, ತುಂಬಿದ ಮೇಲೆ ಹಳೆಯದರ ಮೇಲೆ ಹೊಸದು ಬರೆಯುತ್ತದೆ, ಸಣ್ಣ ಡಿಸ್ಕ್ ಆದರೆ ಒಂದು ವಾರದಲ್ಲೇ. ಡಿವಿಆರ್ ಗಡಿಯಾರಕ್ಕೂ ನಿಜವಾದ ಸಮಯಕ್ಕೂ ಎಷ್ಟು ನಿಮಿಷ ವ್ಯತ್ಯಾಸ ಇದೆ ಅಂತ ಮಹಜರಿನಲ್ಲಿ ಬರೆಯಿರಿ, ಇಲ್ಲದಿದ್ದರೆ ಪಾಟೀಸವಾಲಿನಲ್ಲಿ ಅದೇ ಸಿಕ್ಕಿಬೀಳುತ್ತದೆ. ಭಾರತೀಯ ಸಾಕ್ಷ್ಯ ಅಧಿನಿಯಮ 63ರ ಪ್ರಮಾಣಪತ್ರ ಹ್ಯಾಶ್ ಮೌಲ್ಯದ (ಫೈಲು ಬದಲಾಗಿಲ್ಲ ಅಂತ ತೋರಿಸುವ ಗುರುತು) ಸಮೇತ ಬೇಕು.

ಪೀಣ್ಯ_ಎರಡನೇ_ಹಂತ

ನೂರು ಟನ್ ಪ್ರೆಸ್ ಅನ್ನು ಪೊಲೀಸರು ಠಾಣೆಗೆ ಹೊತ್ತೊಯ್ಯಲು ಆಗುವುದಿಲ್ಲವಲ್ಲ. ಆಗ ಜಪ್ತಿ ಹೇಗೆ? ಯಂತ್ರ ಮತ್ತೆ ಶುರು ಮಾಡಬಾರದು ಅಂತ ಹೇಳುವ ಅಧಿಕಾರ ಯಾರಿಗಿದೆ?

ಮಹಜರು_ಪುಸ್ತಕ

ಬಿಎನ್‌ಎಸ್‌ಎಸ್ 106, ಜಪ್ತಿ ಅಧಿಕಾರ. (ಬಿಎನ್‌ಎಸ್ 106 ನಿರ್ಲಕ್ಷ್ಯದ ಸಾವು, ಬಿಎನ್‌ಎಸ್‌ಎಸ್ 106 ಜಪ್ತಿ. ಅರ್ಜಿ ಬರೆಯುವಾಗ ಎರಡನ್ನು ಅದಲುಬದಲು ಮಾಡಬೇಡಿ.) ದೊಡ್ಡ ಯಂತ್ರವನ್ನು ಇದ್ದಲ್ಲೇ ಜಪ್ತಿ ಮಾಡಿ, ಪ್ಯಾನೆಲ್ ಬಾಗಿಲಿಗೆ ಅರಗಿನ ಸೀಲು ಹಾಕಿ, ಮಾಲೀಕರಿಂದ ಮುಚ್ಚಳಿಕೆ ಬರೆಸಿ ಅವರ ವಶಕ್ಕೇ ಬಿಡಬಹುದು. ತೆಗೆದುಕೊಂಡು ಹೋಗಬೇಕಾದ್ದು ಸಣ್ಣ ಭಾಗಗಳು: ಲಿಮಿಟ್ ಸ್ವಿಚ್, ತುಂಡಾದ ಚೈನ್ ಸ್ಲಿಂಗ್, ಕಿತ್ತುಹೋದ ಕ್ಲಾಂಪ್. ಸ್ಲಿಂಗ್ ಆದರೆ ಅದರ ಮೇಲಿನ ಸುರಕ್ಷಿತ ಭಾರದ ಬಿಲ್ಲೆ ಮತ್ತು ಕೊನೆಯ ಪರೀಕ್ಷಾ ಪ್ರಮಾಣಪತ್ರ ಎರಡೂ ಬೇಕು. ಜಪ್ತಿಯ ಆಡಿಯೊ ವಿಡಿಯೊ ಚಿತ್ರೀಕರಣ ಈಗ 105ರ ಪ್ರಕಾರ ಕಡ್ಡಾಯ. ಯಂತ್ರ ಬಿಡಿಸಿಕೊಳ್ಳಲು ಮಾಲೀಕರು ನ್ಯಾಯಾಲಯಕ್ಕೆ 497 ಅಥವಾ 503ರಲ್ಲಿ ಅರ್ಜಿ ಹಾಕುತ್ತಾರೆ, ಅದು ಅವರ ಹಕ್ಕು. ಅಷ್ಟರಲ್ಲಿ ತಜ್ಞರ ಪರಿಶೀಲನೆ ಮುಗಿದಿರಬೇಕು.

ಗಣಿಯಲ್ಲಾದರೆ ಕಾಯ್ದೆಯೇ ಜಾಗವನ್ನು ಕಾಪಾಡುತ್ತಿತ್ತು: ಗಣಿ ಕಾಯ್ದೆ 1952ರ 23ನೇ ಕಲಂ ಪ್ರಕಾರ ಇನ್ಸ್‌ಪೆಕ್ಟರ್ ಬರುವವರೆಗೆ ಅಥವಾ 72 ಗಂಟೆ ದಾಟುವವರೆಗೆ ಸ್ಥಳ ಕದಲಿಸುವಂತಿರಲಿಲ್ಲ, ರಕ್ಷಣೆಗೆ ಬೇಕಾದಷ್ಟು ಬಿಟ್ಟು. ಕಾರ್ಖಾನೆ ಕಾಯ್ದೆಯಲ್ಲಿ ಅಷ್ಟು ನೇರವಾದ ಮಾತಿರಲಿಲ್ಲ. ಅದಕ್ಕೇ ಪೊಲೀಸರ ಸೀಲು ಇಷ್ಟು ಮುಖ್ಯ.

ಬಾಯ್ಲರ್‌ಮನೆ

ಪೊಲೀಸರು ಮತ್ತು ಕಾರ್ಖಾನೆ ಇಲಾಖೆ, ಇಬ್ಬರ ಕೆಲಸ ಬೇರೆ. ಇದನ್ನು ಬೆರೆಸುವುದರಿಂದ ಎರಡೂ ಕಡೆ ನಿಲ್ಲುತ್ತದೆ.

2025ರ ನವೆಂಬರ್ 21ಕ್ಕೆ ಮೊದಲಿನ ಸಾವುಗಳಿಗೆ ಅನ್ವಯಿಸುವ ಕಾರ್ಖಾನೆ ಕಾಯ್ದೆ 1948ರ 88ನೇ ಕಲಂ ಪ್ರಕಾರ ಮ್ಯಾನೇಜರ್ ಸಾವನ್ನು ಇಲಾಖೆಗೆ ತಿಳಿಸಬೇಕು, ಇಲಾಖೆ ಒಂದು ತಿಂಗಳೊಳಗೆ ವಿಚಾರಣೆ ಮಾಡಬೇಕು. 92ನೇ ಕಲಂ ಶಿಕ್ಷೆ. ಆದರೆ 105ನೇ ಕಲಂ ಪ್ರಕಾರ ಇನ್ಸ್‌ಪೆಕ್ಟರ್ ದೂರು ಕೊಡದೆ ಅಥವಾ ಲಿಖಿತ ಅನುಮತಿ ಇಲ್ಲದೆ ನ್ಯಾಯಾಲಯ ಆ ಕಾಯ್ದೆಯ ಪ್ರಕರಣವನ್ನು ಕೈಗೆತ್ತಿಕೊಳ್ಳುವುದಿಲ್ಲ, ಅದೂ 106ನೇ ಕಲಂ ಪ್ರಕಾರ ಅವರಿಗೆ ಗೊತ್ತಾದ 3 ತಿಂಗಳೊಳಗೆ. ಪೊಲೀಸರು ಎಫ್‌ಐಆರ್‌ನಲ್ಲಿ ಕಾರ್ಖಾನೆ ಕಾಯ್ದೆಯ ಕಲಂ ಸೇರಿಸಿದರೂ ಅದು ನಿಲ್ಲುವುದಿಲ್ಲ. ಹಾಗೆಯೇ ಇಲಾಖೆ ಪ್ರಕರಣ ಹೂಡಿದೆ ಅಂತ ಬಿಎನ್‌ಎಸ್ ತನಿಖೆ ಕೈಬಿಡಲು ಕಾರಣವಿಲ್ಲ. ಒಂದೇ ಕೃತ್ಯ ಎರಡು ಕಾಯ್ದೆಯಡಿ ಅಪರಾಧವಾದರೆ ಯಾವುದರಲ್ಲಾದರೂ ಮೊಕದ್ದಮೆ ಹೂಡಬಹುದು, ಎರಡು ಸಲ ಶಿಕ್ಷಿಸುವಂತಿಲ್ಲ ಅನ್ನುವುದು ಜನರಲ್ ಕ್ಲಾಸಸ್ ಕಾಯ್ದೆಯ 26ನೇ ಕಲಂ.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಲ್ಲಿವೆ. ಔದ್ಯೋಗಿಕ ಸುರಕ್ಷತಾ ಸಂಹಿತೆಯ 103ನೇ ಕಲಂ ಪ್ರಕಾರ ಕರ್ತವ್ಯ ಲೋಪದಿಂದ ಸಾವಾದರೆ 2 ವರ್ಷದವರೆಗೆ ಸಜೆ ಅಥವಾ 5 ಲಕ್ಷಕ್ಕೆ ಕಡಿಮೆಯಿಲ್ಲದ ದಂಡ ಅಥವಾ ಎರಡೂ. ದಂಡದ ಕನಿಷ್ಠ ಅರ್ಧವನ್ನು ವಾರಸುದಾರರಿಗೆ ಕೊಡುವಂತೆ ನ್ಯಾಯಾಲಯ ಆದೇಶಿಸಬಹುದು. ಆ ದಿನಾಂಕಕ್ಕೆ ಮೊದಲಿನ ಸಾವುಗಳಿಗೆ ಹಳೆಯ ಕಾಯ್ದೆಯೇ.

ವಿದ್ಯುತ್ ತಗುಲಿದ ಸಾವಾದರೆ ವಿದ್ಯುತ್ ಪರಿವೀಕ್ಷಣಾಲಯಕ್ಕೆ ತಿಳಿಸುವುದನ್ನು ಠಾಣೆಯವರು ಮರೆಯುತ್ತಾರೆ. ವಿದ್ಯುಚ್ಛಕ್ತಿ ಕಾಯ್ದೆ 2003ರ 161ನೇ ಕಲಂ ಅಡಿ ವಿಚಾರಣೆ ಅವರದ್ದು. ಅರ್ಥಿಂಗ್ ಪ್ರತಿರೋಧ ಅಳೆಯುವುದು, ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಟ್ರಿಪ್ ಆಗುತ್ತದೆಯೇ ನೋಡುವುದು ಅವರ ಉಪಕರಣದಿಂದ ಆಗಬೇಕು. ಮಳೆಗಾಲದಲ್ಲಿ ಸತ್ತ ಜಾಗವನ್ನು ಬೇಸಿಗೆಯಲ್ಲಿ ಅಳೆದರೆ ಸಿಗುವುದು ಬೇರೆಯೇ ಸಂಖ್ಯೆ.

ಕರಿಕೋಟು

ಈಗ ಕಷ್ಟದ ಭಾಗ: ಆರೋಪಿ ಯಾರು?

1965ರ ಕುರ್ಬಾನ್ ಹುಸೇನ್ ತೀರ್ಪನ್ನು ಇವತ್ತಿಗೂ ಪ್ರತಿ ಡಿಫೆನ್ಸ್ ವಕೀಲರು ತರುತ್ತಾರೆ. ಮುಂಬಯಿಯ ಬಣ್ಣದ ಕಾರ್ಖಾನೆ, ಪರವಾನಗಿ ಇಲ್ಲದೆ ಬರ್ನರ್ ಮೇಲೆ ಕಾಯಿಸಿ ಬಣ್ಣ ತಯಾರಿ, ಬೆಂಕಿಗೆ 7 ಕಾರ್ಮಿಕರು ಸತ್ತರು. ಸುಪ್ರೀಂ ಕೋರ್ಟ್ 304ಎ ಶಿಕ್ಷೆ ರದ್ದು ಮಾಡಿತು. ಬರ್ನರ್ ಇಟ್ಟದ್ದು ನಿರ್ಲಕ್ಷ್ಯ ನಿಜ, ಬೆಂಕಿಯ ವಿಷಯದ ನಿರ್ಲಕ್ಷ್ಯಕ್ಕೆ ಇರುವ ಐಪಿಸಿ 285 ಉಳಿಯಿತು. ಆದರೆ ಸಾವಿಗೆ ನೇರ ಕಾರಣ ಒಬ್ಬ ಕಾರ್ಮಿಕ ಟರ್ಪೆಂಟೈನನ್ನು ಅವಸರದಲ್ಲಿ ಸುರಿದದ್ದು, ಮಾಲೀಕನ ಕೃತ್ಯ ಅಲ್ಲ ಅಂದಿತು.

ಆದ್ದರಿಂದ ಚಾರ್ಜ್‌ಶೀಟಿನಲ್ಲಿ "ಸೂಕ್ತ ಸುರಕ್ಷತಾ ಕ್ರಮ ಕೈಗೊಳ್ಳದೆ ನಿರ್ಲಕ್ಷ್ಯ ವಹಿಸಿ" ಅಂತ ಬರೆದರೆ ಬಿಡುಗಡೆ ಖಚಿತ. ಯಾವ ಲೋಪ, ಯಾರ ನಿರ್ಧಾರ, ಅದರಿಂದ ಸಾವು ಹೇಗೆ ನೇರವಾಗಿ ಹುಟ್ಟಿತು ಅನ್ನುವ ಸರಪಳಿ ಬೇಕು. ಲಾಕ್‌ಔಟ್_ಟ್ಯಾಗ್ ಹೇಳಿದ ಕೇಬಲ್ ಟೈ ಅಂಥ ಕೊಂಡಿ. ಇಂಟರ್‌ಲಾಕ್ ಇದ್ದಿದ್ದರೆ ಯಂತ್ರ ನಿಲ್ಲುತ್ತಿತ್ತು, ನಿಂತಿದ್ದರೆ ಸಾವಿಲ್ಲ. ಬೈಪಾಸ್‌ಗೆ ಅನುಮತಿ ಕೊಟ್ಟ ಇಮೇಲ್, ಮೆಂಟೆನೆನ್ಸ್ ಪುಸ್ತಕದ ಸಾಲು, ಗಾರ್ಡ್ ಖರೀದಿಗೆ ಕೇಳಿ ತಿರಸ್ಕರಿಸಿದ ಇಂಡೆಂಟ್ ಸಿಕ್ಕರೆ ಮೇಲಿನವರನ್ನು ಮುಟ್ಟಬಹುದು. ನಿರ್ದೇಶಕ ಅನ್ನುವ ಒಂದೇ ಕಾರಣಕ್ಕೆ ಹೆಸರು ಸೇರಿಸಿದರೆ ಹೈಕೋರ್ಟಿನಲ್ಲಿ ಉಳಿಯುವುದಿಲ್ಲ.

106 ಜೊತೆಗೆ ಯಂತ್ರ ಇದ್ದರೆ ಬಿಎನ್‌ಎಸ್ 289, ಕಟ್ಟಡ ಕಟ್ಟುವುದೋ ಕೆಡವುವುದೋ ಆದರೆ 290, ಸಿಡಿಮದ್ದು ಆದರೆ 288 ಸೇರಿಸಬೇಕು. 106 ಬಿದ್ದರೂ ಇವು ನಿಲ್ಲುವ ಸಾಧ್ಯತೆ ಇರುತ್ತದೆ, ಕುರ್ಬಾನ್ ಹುಸೇನ್‌ನಲ್ಲಿ ಆದದ್ದೇ ಅದು. ಅಪಾಯ ಗೊತ್ತಿದ್ದೂ ಇಳಿಸಿದ್ದಾರೆ ಅನ್ನುವ ಪುರಾವೆ ಇದ್ದರೆ ಬಿಎನ್‌ಎಸ್ 105 (ಕೊಲೆಯಲ್ಲದ ನರಹತ್ಯೆ). ಅದು ಜಾಮೀನುರಹಿತ, ಸೆಷನ್ಸ್ ವಿಚಾರಣೆ, ಫೊರೆನ್ಸಿಕ್ ಭೇಟಿಯೂ ಕಡ್ಡಾಯ.

ಶಟರಿಂಗ್_ಪ್ಲೈವುಡ್

ಕಾಗದದಲ್ಲಿ ಹೀಗೆ. ಸೈಟಿನಲ್ಲಿ ಆರೋಪಿ ಒಂದನೇ ನಂಬರ್ ಸೆಂಟ್ರಿಂಗ್ ಮೇಸ್ತ್ರಿ, ಎರಡನೇ ನಂಬರ್ ಸೈಟ್ ಎಂಜಿನಿಯರ್. ಮೇಸ್ತ್ರಿಯೂ ಅದೇ ಶೆಡ್ಡಿನಲ್ಲಿ ಮಲಗುವವನು. ಪ್ರಾಪ್ಸ್ (ಸ್ಲ್ಯಾಬಿಗೆ ಕೊಡುವ ಆಧಾರ ಕಂಬ) ಎಷ್ಟು ಅಂತರಕ್ಕೆ ಇಡಬೇಕು ಅಂತ ಡ್ರಾಯಿಂಗ್ ಕೊಟ್ಟವರು ಯಾರು, ಸ್ಲ್ಯಾಬ್ ಹಾಕುವ ದಿನ ಮುಂದೂಡಲು ಒಪ್ಪದವರು ಯಾರು, ಪಾಲಿಕೆಯ ನಕ್ಷೆಗಿಂತ ಎಷ್ಟು ಮಹಡಿ ಹೆಚ್ಚು ಅನ್ನುವುದನ್ನು ಕೇಳದೆ ಅವರಿಬ್ಬರ ಮೇಲೆ ಮಾತ್ರ ಚಾರ್ಜ್‌ಶೀಟ್ ಹಾಕುವುದು ಅನ್ಯಾಯ. ಉಪಗುತ್ತಿಗೆಯ ವರ್ಕ್ ಆರ್ಡರ್ ಜಪ್ತಿ ಮಾಡಿದರೆ ಅರ್ಧ ಉತ್ತರ ಅದರಲ್ಲೇ ಇರುತ್ತದೆ. ಸುರಕ್ಷತಾ ಸಾಮಗ್ರಿಯ ಖರ್ಚು ಯಾರದು ಅಂತ ಒಂದು ಷರತ್ತು ಬರೆದಿರುತ್ತಾರೆ. ಆ ಸಾಲನ್ನು ಓದಿ.

ಮ್ಯಾನ್‌ಹೋಲ್_ಮುಚ್ಚಳ

ಒಳಚರಂಡಿ, ಅಪಾರ್ಟ್‌ಮೆಂಟ್ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ), ಕಾರ್ಖಾನೆಯ ಇಟಿಪಿ (ತ್ಯಾಜ್ಯ ನೀರು ಶುದ್ಧೀಕರಣ ಘಟಕ) ಟ್ಯಾಂಕ್ ಸಾವುಗಳಿಗೆ ಬಿಎನ್‌ಎಸ್ 106 ಮಾತ್ರ ಹಾಕಿದರೆ ಅದು ಅರ್ಧ ಪ್ರಕರಣ.

ಒಳಚರಂಡಿ ಅಥವಾ ಸೆಪ್ಟಿಕ್ ಟ್ಯಾಂಕಿಗೆ ರಕ್ಷಣಾ ಸಾಧನ ಇಲ್ಲದೆ ಇಳಿಸುವುದು 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆಯ 7ನೇ ಕಲಂಗೆ ವಿರುದ್ಧ, 9ನೇ ಕಲಂ ಅಡಿ ಶಿಕ್ಷಾರ್ಹ, 22ನೇ ಕಲಂ ಪ್ರಕಾರ ಸಂಜ್ಞೇಯ ಮತ್ತು ಜಾಮೀನುರಹಿತ. ಮೃತರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾದರೆ ದೌರ್ಜನ್ಯ ತಡೆ ಕಾಯ್ದೆಯ 3(1)(ಜೆ) ಅನ್ವಯಿಸುತ್ತದೆ, ಆಗ ತನಿಖೆ ಡಿವೈಎಸ್‌ಪಿ ದರ್ಜೆಗೆ ಹೋಗಬೇಕು. ಎಫ್‌ಐಆರ್‌ನಲ್ಲಿ ಈ ಕಲಂ ಬಿಟ್ಟರೆ ಪರಿಹಾರವೂ ಅಡ್ಡಿಯಾಗುತ್ತದೆ. ಒಳಚರಂಡಿ ಸಾವಿಗೆ ಸುಪ್ರೀಂ ಕೋರ್ಟ್ 2014ರಲ್ಲಿ 10 ಲಕ್ಷ ಅಂದಿತ್ತು, 2023ರ ಅಕ್ಟೋಬರ್ 20ರ ಬಲರಾಮ್ ಸಿಂಗ್ ತೀರ್ಪಿನಲ್ಲಿ 30 ಲಕ್ಷಕ್ಕೆ ಏರಿಸಿತು.

ಹೇಳಿಕೆಗಳಲ್ಲಿ "ಒಳಗೆ ಯಾವ ವಾಸನೆಯೂ ಇರಲಿಲ್ಲ" ಅಂತ ಬರುತ್ತದೆ. ಅದನ್ನು ಅನಿಲ ಇರಲಿಲ್ಲ ಅಂತ ಓದಬಾರದು. ಹೈಡ್ರೋಜನ್ ಸಲ್ಫೈಡ್ ಸುಮಾರು 100 ಪಿಪಿಎಂ ದಾಟಿದಾಗ ಮೂಗಿನ ಗ್ರಹಣಶಕ್ತಿಯನ್ನೇ ಕೊಲ್ಲುತ್ತದೆ. ಅದಕ್ಕೇ ಮೊದಲನೆಯವರನ್ನು ಎತ್ತಲು ಇಳಿದ ಎರಡನೆಯವರೂ ಮೂರನೆಯವರೂ ಸಾಯುತ್ತಾರೆ. ಮಹಜರಿಗೆ ಪೊಲೀಸರೂ ಪಂಚರೂ ಟ್ಯಾಂಕಿಗೆ ಬಗ್ಗಬಾರದು. ಅಗ್ನಿಶಾಮಕದವರ ಮೀಟರ್ ಇಳಿಸಿ ಆಮ್ಲಜನಕ 19.5 ಶೇಕಡಾ ಮೇಲಿದೆಯೇ, ಅನಿಲ ಎಷ್ಟಿದೆ ಅಂತ ಮೇಲೆ, ನಡುವೆ, ತಳದಲ್ಲಿ ಮೂರು ಅಳತೆ ಬರೆಸಬೇಕು. ಗಂಟೆ ತಡವಾದರೆ, ಮುಚ್ಚಳ ತೆರೆದಿದ್ದರೆ ಆ ಅಳತೆಗೆ ಅರ್ಥ ಉಳಿಯುವುದಿಲ್ಲ. ಮರಣೋತ್ತರ ಪರೀಕ್ಷೆಯ ವೈದ್ಯರಿಗೂ ಕೋರಿಕೆ ಪತ್ರದಲ್ಲಿ ವಿಷಾನಿಲದ ಶಂಕೆ ಅಂತ ಬರೆಯಬೇಕು. "ನೀರಿಗೆ ಬಿದ್ದು" ಅಂತ ಬರೆದರೆ ರಕ್ತ ಮತ್ತು ಶ್ವಾಸಕೋಶದ ಮಾದರಿ ತೆಗೆದಿಡದೆ ಹೋಗುವ ಅಪಾಯ ಇದೆ.

ತುಂಗಾತೀರ_7

ಪರಿಹಾರದ ಮಾತು. ಶವಾಗಾರದ ಎದುರಿನ ಸಂಧಾನ ನಿಲ್ಲಬೇಕು, ಅದು ಠಾಣೆಯಲ್ಲಿ ನಡೆಯುವುದಂತೂ ಕೂಡದು.

2025ರ ನವೆಂಬರ್ 21ಕ್ಕೆ ಮೊದಲಿನ ಸಾವುಗಳಿಗೆ ಅನ್ವಯಿಸುವ ನೌಕರರ ಪರಿಹಾರ ಕಾಯ್ದೆ 1923ರ ಸೂತ್ರ: ಮಾಸಿಕ ವೇತನದ ಅರ್ಧವನ್ನು ವಯಸ್ಸಿನ ಅಂಶದಿಂದ ಗುಣಿಸಬೇಕು. 2020ರ ಜನವರಿ 3ರ ಅಧಿಸೂಚನೆಯಂತೆ ಲೆಕ್ಕಕ್ಕೆ ಹಿಡಿಯುವ ಗರಿಷ್ಠ ವೇತನ 15,000. 30 ವರ್ಷದವರಿಗೆ ಅಂಶ 207.98. ಅಂದರೆ 7,500 × 207.98 = 15,59,850 ರೂಪಾಯಿ. "ಎರಡು ಲಕ್ಷ ತೆಗೆದುಕೊಳ್ಳಿ, ಕೇಸು ಬೇಡ" ಅನ್ನುವವರ ಮುಂದೆ ಈ ಲೆಕ್ಕ ಇಡಿ. ಒಂದು ತಿಂಗಳು ದಾಟಿದರೆ 12 ಶೇಕಡಾ ಬಡ್ಡಿ, ಸಕಾರಣವಿಲ್ಲದ ವಿಳಂಬಕ್ಕೆ ಪರಿಹಾರದ ಅರ್ಧದವರೆಗೆ ದಂಡ. ಹಣವನ್ನು ಆಯುಕ್ತರಲ್ಲಿ ಠೇವಣಿ ಇಡಬೇಕು. ಮೂರು ತಿಂಗಳ ವೇತನದಷ್ಟು ಮುಂಗಡ ಬಿಟ್ಟರೆ ಮನೆಯವರ ಕೈಗೆ ನೇರವಾಗಿ ಕೊಟ್ಟದ್ದು ಪರಿಹಾರ ಅಂತ ಲೆಕ್ಕಕ್ಕೆ ಬರುವುದಿಲ್ಲ. ಹಕ್ಕು ಬಿಟ್ಟುಕೊಟ್ಟೆ ಅಂತ ಬಾಂಡ್ ಪೇಪರಿನಲ್ಲಿ ಬರೆಸಿಕೊಂಡರೂ 17ನೇ ಕಲಂ ಪ್ರಕಾರ ಅದು ಶೂನ್ಯ. ಬಿಎನ್‌ಎಸ್ 106 ರಾಜಿ ಮಾಡಿಕೊಳ್ಳಬಹುದಾದ ಅಪರಾಧವೂ ಅಲ್ಲ.

ಇಎಸ್‌ಐ ವ್ಯಾಪ್ತಿಯವರಾದರೆ ಈ ಕಾಯ್ದೆಯ ಬದಲು ಅವಲಂಬಿತರ ಪಿಂಚಣಿ, ವೇತನದ 90 ಶೇಕಡಾ ಲೆಕ್ಕದಲ್ಲಿ. ಇಲ್ಲೊಂದು ಮೋಸ ನಡೆಯುತ್ತದೆ: ಸಾವಾದ ಮೇಲೆ ಮೃತರ ಹೆಸರನ್ನು ಇಎಸ್‌ಐಗೆ ಸೇರಿಸುವುದು. ಪೋರ್ಟಲ್‌ನಲ್ಲಿ ನೋಂದಣಿಯ ದಿನ ದಾಖಲಾಗಿರುತ್ತದೆ. ಹಾಜರಿ ಪುಸ್ತಕ, ಬಯೋಮೆಟ್ರಿಕ್ ಲಾಗ್, ಗೇಟ್ ಪಾಸ್ ಪುಸ್ತಕ ಮೂರನ್ನೂ ಪೊಲೀಸರು ಅದೇ ದಿನ ಜಪ್ತಿ ಮಾಡಿದರೆ "ಅವನು ನಮ್ಮ ಕೆಲಸಗಾರನೇ ಅಲ್ಲ" ಅನ್ನುವ ವಾದ ಮುಗಿಯುತ್ತದೆ.

ಇನ್ನೊಂದು, "ಕುಡಿದಿದ್ದ" ಅನ್ನುವ ಆರೋಪ. ಪರಿಹಾರ ಕಾಯ್ದೆಯಲ್ಲಿ ಸಾವಿನ ಪ್ರಕರಣಕ್ಕೆ ಆ ಸಮರ್ಥನೆಯೇ ಇಲ್ಲ, 3ನೇ ಕಲಂ ಓದಿ. ಸಾವೂ ಶಾಶ್ವತ ಪೂರ್ಣ ಅಂಗವೈಕಲ್ಯವೂ ಆಗದ ಗಾಯಕ್ಕೆ ಮಾತ್ರ ಅದು ನಡೆಯುತ್ತದೆ.

ಆಲಮಟ್ಟಿ_ಹಿನ್ನೀರು

ಹೊರರಾಜ್ಯದ ಕಾರ್ಮಿಕರ ವಿಷಯ ಬಿಟ್ಟುಹೋಗಿದೆ. 2023ರ ಡಿಸೆಂಬರ್ 4ರಂದು ವಿಜಯಪುರದ ಆಲಿಯಾಬಾದ್ ಕೈಗಾರಿಕಾ ಪ್ರದೇಶದಲ್ಲಿ ಮೆಕ್ಕೆಜೋಳದ ರಾಶಿಯಡಿ ಸಿಕ್ಕಿ ಸತ್ತ ಏಳೂ ಜನ ಬಿಹಾರದವರು. ಇಂಥ ಕಡೆ ಮನೆಯವರು ಬರಲು ಎರಡು ದಿನ ಬೇಕು, ಅಷ್ಟರಲ್ಲಿ ಊರಿನವನೇ ಆದ ಗುತ್ತಿಗೆದಾರನ ಕೈಲಿ ದೂರು ಬರೆಸಿ ಮುಗಿಸಿರುತ್ತಾರೆ. ಆ ಗುತ್ತಿಗೆದಾರನೇ ಆರೋಪಿಯಾಗಬೇಕಾದವನು ಇರಬಹುದು.

ಜೊತೆಗೆ ಕೆಲಸ ಮಾಡಿದವರೇ ಪ್ರತ್ಯಕ್ಷ ಸಾಕ್ಷಿಗಳು. ಭಯದಿಂದ ಅವರು ಎರಡನೇ ದಿನವೇ ರೈಲು ಹತ್ತುತ್ತಾರೆ. ಅವರ ಊರಿನ ವಿಳಾಸ, ಆಧಾರ್, ಮನೆಯವರ ಫೋನ್ ನಂಬರ್ ಬರೆದುಕೊಂಡು, ಅವರ ಭಾಷೆ ಬಲ್ಲ ಸ್ವತಂತ್ರ ದುಭಾಷಿಯ ಮೂಲಕ ಹೇಳಿಕೆ ಪಡೆದು, ಸಾಧ್ಯವಾದರೆ ಮ್ಯಾಜಿಸ್ಟ್ರೇಟ್ ಮುಂದೆ ಬಿಎನ್‌ಎಸ್‌ಎಸ್ 183ರಲ್ಲಿ ದಾಖಲಿಸಬೇಕು. ದುಭಾಷಿಯಾಗಿ ಕಂಪನಿಯ ಸೂಪರ್‌ವೈಸರ್ ಕೂತರೆ ಆ ಹೇಳಿಕೆ ಕಂಪನಿಯದ್ದೇ.

ಶವ ವಿಮಾನದಲ್ಲಿ ಹೋಗುವುದಾದರೆ ಎಂಬಾಮಿಂಗ್ ಪ್ರಮಾಣಪತ್ರ, ಪೊಲೀಸ್ ನಿರಾಕ್ಷೇಪಣಾ ಪತ್ರ, ಮರಣ ದಾಖಲೆ ಬೇಕು. ಮರಣೋತ್ತರ ಪರೀಕ್ಷೆ ಮುಗಿಯದೆ ಎಂಬಾಮಿಂಗ್ ಮಾಡಿಸಬೇಡಿ, ರಾಸಾಯನಿಕ ಪರೀಕ್ಷೆ ಕೆಡುತ್ತದೆ.

ಥೇಮ್ಸ್_ದಂಡೆ

ಹೋಲಿಕೆಗೆ ಬ್ರಿಟನ್ನಿನ ಕ್ರಮ ಹೇಳುತ್ತೇನೆ. ಅಲ್ಲಿ 1998ರಿಂದ ಪೊಲೀಸ್, ಪ್ರಾಸಿಕ್ಯೂಷನ್, ಸುರಕ್ಷತಾ ಇಲಾಖೆ ನಡುವೆ ಲಿಖಿತ ಒಡಂಬಡಿಕೆ ಇದೆ. ಕೆಲಸದ ಜಾಗದ ಸಾವಿನಲ್ಲಿ ಮೊದಲ ಹಿಡಿತ ಪೊಲೀಸರದ್ದು. ನರಹತ್ಯೆಯ ಅಪರಾಧ ಇಲ್ಲ ಅಂತ ತೀರ್ಮಾನವಾದ ಮೇಲೆ ತನಿಖೆಯ ಮುಂದಾಳತ್ವ ಸುರಕ್ಷತಾ ಇಲಾಖೆಗೆ ಹೋಗುತ್ತದೆ, ಅಲ್ಲಿಯವರೆಗೆ ಇಬ್ಬರೂ ಒಟ್ಟಿಗೆ ಕೂತು ಸಾಕ್ಷ್ಯ ಹಂಚಿಕೊಳ್ಳುತ್ತಾರೆ. 2007ರ ಕಾರ್ಪೊರೇಟ್ ನರಹತ್ಯೆ ಕಾಯ್ದೆ 2008ರ ಏಪ್ರಿಲ್ 6ರಿಂದ ಜಾರಿಯಲ್ಲಿದೆ, ಕಂಪನಿಯೇ ಆರೋಪಿ. ನಮ್ಮಲ್ಲಿ ಅಂಥ ಕಾಯ್ದೆ ಇಲ್ಲ ನಿಜ. ಆದರೆ ಠಾಣೆಯೂ ಕಾರ್ಖಾನೆ ಇಲಾಖೆಯೂ ಒಂದೇ ದಿನ ಒಟ್ಟಿಗೆ ಸ್ಥಳಕ್ಕೆ ಹೋಗುವುದಕ್ಕೆ ಹೊಸ ಕಾಯ್ದೆ ಬೇಕಿಲ್ಲ.

ಲಾಕ್‌ಔಟ್_ಟ್ಯಾಗ್

ಗಾಯಗೊಂಡು ಎಂಟು ಹತ್ತು ದಿನ ಆಸ್ಪತ್ರೆಯಲ್ಲಿದ್ದು ಸತ್ತರೆ? ಸುಟ್ಟಗಾಯದಲ್ಲಿ ಇದೇ ಹೆಚ್ಚು.

ಮಹಜರು_ಪುಸ್ತಕ

ಆಸ್ಪತ್ರೆ ಎಂಎಲ್‌ಸಿ ಮೆಮೊ (ಪೊಲೀಸರಿಗೆ ತಿಳಿಸಬೇಕಾದ ಗಾಯದ ಸೂಚನಾ ಪತ್ರ) ಕಳಿಸಿದ ದಿನವೇ ಬಿಎನ್‌ಎಸ್ 125ರಲ್ಲಿ (ಜೀವಕ್ಕೆ ಅಪಾಯ ತರುವ ನಿರ್ಲಕ್ಷ್ಯ) ಎಫ್‌ಐಆರ್ ಆಗಬೇಕು. ಸಾವಾದ ಮೇಲೆ ನ್ಯಾಯಾಲಯಕ್ಕೆ ಕೋರಿಕೆ ಕೊಟ್ಟು 106(1)ಕ್ಕೆ ಬದಲಿಸುತ್ತಾರೆ. ಮೊದಲ ದಿನ ಮೆಮೊ ಫೈಲಿನಲ್ಲಿ ಮಲಗಿದ್ದರೆ ಹತ್ತನೇ ದಿನ ಸ್ಥಳದಲ್ಲಿ ನೋಡಲು ಏನೂ ಉಳಿದಿರುವುದಿಲ್ಲ. ಗಾಯಾಳು ಮಾತಾಡುವ ಸ್ಥಿತಿಯಲ್ಲಿದ್ದಾರೆ ಅಂತ ವೈದ್ಯರಿಂದ ಬರೆಸಿಕೊಂಡು ಹೇಳಿಕೆ ಪಡೆದರೆ, ಸತ್ತ ಮೇಲೆ ಅದೇ ಸಾಕ್ಷ್ಯ ಅಧಿನಿಯಮ 26ರಡಿ ಮರಣಕಾಲದ ಹೇಳಿಕೆಯಾಗುತ್ತದೆ. "ಯಂತ್ರ ನಿಲ್ಲಿಸಬೇಡ ಅಂದವರು ಯಾರು?" ಅನ್ನುವ ಪ್ರಶ್ನೆಗೆ ಉತ್ತರ ಕೊಡಬಲ್ಲವರು ಎಷ್ಟೋ ಸಲ ಅವರೊಬ್ಬರೇ. ಆಸ್ಪತ್ರೆ ಬೇರೆ ಠಾಣೆಯ ಸರಹದ್ದಿನಲ್ಲಿದೆ ಅನ್ನುವುದು ನೆಪ. ಯಾವ ಠಾಣೆಯಲ್ಲಾದರೂ ದಾಖಲಿಸುವ ಶೂನ್ಯ ಎಫ್‌ಐಆರ್ ಈಗ ಬಿಎನ್‌ಎಸ್‌ಎಸ್ 173ರಲ್ಲೇ ಇದೆ.

ಪೀಣ್ಯ_ಎರಡನೇ_ಹಂತ

ಕೊನೆಯದಾಗಿ: ಬಿ ರಿಪೋರ್ಟ್ (ಪ್ರಕರಣ ಮುಚ್ಚುವ ಪೊಲೀಸ್ ವರದಿ) ಹಾಕಿದ್ದು ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಯಾಕೆ?

ಕರಿಕೋಟು

ಫಿರ್ಯಾದುದಾರ ಯಾರು ಅನ್ನುವುದೇ ಕಾರಣ. 1985ರ ಭಗವಂತ್ ಸಿಂಗ್ ತೀರ್ಪಿನ ಪ್ರಕಾರ ಪ್ರಕರಣ ಮುಚ್ಚುವ ಮೊದಲು ಮ್ಯಾಜಿಸ್ಟ್ರೇಟ್ ನೋಟಿಸ್ ಕೊಡಬೇಕಾದ್ದು ಫಿರ್ಯಾದುದಾರರಿಗೆ. ಎಫ್‌ಐಆರ್ ಕಂಪನಿಯ ಎಚ್‌ಆರ್ ಹೆಸರಿನಲ್ಲಿದ್ದರೆ ನೋಟಿಸ್ ಅವರಿಗೆ ಹೋಗುತ್ತದೆ, ಅವರು ಆಕ್ಷೇಪಣೆ ಇಲ್ಲ ಅನ್ನುತ್ತಾರೆ. ಮನೆಯವರು ಹಾಜರಾಗಿ ವಾದಿಸಬಹುದು, ಆದರೆ ಗೊತ್ತಾದರೆ ತಾನೇ. ಅದಕ್ಕೇ ಮೊದಲ ದಿನವೇ ಫಿರ್ಯಾದು ಮನೆಯವರ ಹೆಸರಿನಲ್ಲಿ ಇರಬೇಕು. ಈಗಾಗಲೇ ಬೇರೆಯವರ ಹೆಸರಲ್ಲಿದ್ದರೆ, ಬಿಎನ್‌ಎಸ್‌ಎಸ್‌ನ ವ್ಯಾಖ್ಯಾನದಲ್ಲಿ ವಾರಸುದಾರರೂ ಸಂತ್ರಸ್ತರೇ ಆದ್ದರಿಂದ, 193(3)ರ ಪ್ರಕಾರ 90 ದಿನದೊಳಗೆ ತನಿಖೆಯ ಪ್ರಗತಿ ತಿಳಿಸಿ ಅಂತ ತನಿಖಾಧಿಕಾರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಅರ್ಜಿ ಕಳಿಸಿ, ಅದರ ಒಂದು ಪ್ರತಿಯನ್ನು ಆ ಸರಹದ್ದಿನ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ನ್ಯಾಯಾಲಯದ ಕ್ರೈಂ ನಂಬರ್ ಕಡತಕ್ಕೂ ಸೇರಿಸಲು ಮೆಮೊ ಕೊಡಿ. ಬಿ ರಿಪೋರ್ಟ್ ಬಂದರೆ ಪ್ರತಿಭಟನಾ ಅರ್ಜಿ ಹಾಕಿ, ಅದರ ಜೊತೆಗೆ ಕಾರ್ಖಾನೆ ಇಲಾಖೆಯ ವಿಚಾರಣಾ ವರದಿಯನ್ನು ಮಾಹಿತಿ ಹಕ್ಕಿನಲ್ಲಿ ಪಡೆದು ಲಗತ್ತಿಸಿ. ಎಷ್ಟೋ ಸಲ ಪೊಲೀಸರು "ನಿರ್ಲಕ್ಷ್ಯ ಕಂಡುಬಂದಿಲ್ಲ" ಅಂದ ಅದೇ ಯಂತ್ರದ ಬಗ್ಗೆ ಆ ವರದಿಯಲ್ಲಿ "ಗಾರ್ಡ್ ಇರಲಿಲ್ಲ" ಅಂತ ಬರೆದಿರುತ್ತದೆ.